ಬೀಸದ ಫ್ಯಾನು

ಮೊದಲೇ ಹೇಳಿಬಿಡುತ್ತೇನೆ, ಇದು ಗಾಳಿ ಬೀಸುವುದಿಲ್ಲ.
ಹಟ್ಟಿಯಲ್ಲಿ, ಗುರುಗುಂಟಾ ರಸ್ತೆಯ ನನ್ನ ವೈಂಡಿಂಗ್ ಅಂಗಡಿಯಲ್ಲಿ
ಇಪ್ಪತ್ತೆರಡು ಬ್ಯಾಸಗಿ ನಾನು ರಿಪೇರಿ ಮಾಡಿದ್ದೆಲ್ಲ
ಬೀಸಲೆಂದೇ ಹುಟ್ಟಿದವು:
ಕೂಲರಿನವು, ಗಿರಣಿಯವು,
ಮದುವೆ ಛತ್ರದಲ್ಲಿ ಯಾರದೋ ಪೇಟ ತಾಗಿ
ರೆಕ್ಕೆ ಸೊಟ್ಟಗಾದ ಒಂದು.
ಇದನ್ನು ಮಾತ್ರ
ಸುಮ್ಮನೆ ತಿರುಗಲಿ ಅಂತ ಕಟ್ಟಿದೆ.

ಐದು ರೆಕ್ಕೆ. ಅಲ್ಯುಮಿನಿಯಂ ತಗಡು ಶೇಕ್ಷಾವಲಿ ಕತ್ತರಿಸಿದ್ದು.
ಅಕ್ಕಸಾಲಿ ಮೌನೇಶನ ತಕ್ಕಡಿಯಲ್ಲಿ ಒಂದಕ್ಕೊಂದು ತೂಗಿ
ಗುಲಗಂಜಿ ಹೆಚ್ಚಿದ್ದನ್ನು ಅರದಿಂದ ಉಜ್ಜಿದೆವು.
ಬಂಗಾರದ ತಕ್ಕಡಿಯಲ್ಲಿ ತಗಡು ಕೂತಾಗ
ಅವನ ಮುಖ ನೋಡಬೇಕಿತ್ತು.
ಹಾಳೆ ಹರಿದ ಡಿಜೆ ಸ್ಪೀಕರಿನಿಂದ ಬಿಡಿಸಿದ ಕಾಯಿಲ್,
ಒಳಗೆ ಪೊಳ್ಳಾದ ಶಾಫ್ಟು, ಅದರೊಳಗೊಂದು ಸರಳು.

ರೆಕ್ಕೆ ಚಪ್ಪಟೆ ಇದ್ದರೆ ಗಾಳಿಯನ್ನು ಸೀಳುತ್ತದೆ, ತಳ್ಳುವುದಿಲ್ಲ.
ಸಪ್ಪಳ ಬಂದರೆ ಕಾಯಿಲ್ ಮಿಡಿದು
ಐದೂ ಒಟ್ಟಿಗೆ ಹೊರಳುತ್ತವೆ,
ಮಲಗಿದ ಎಮ್ಮೆಯ ಕಿವಿಯಷ್ಟು,
ಒಮ್ಮೆ ಈಚೆ, ಒಮ್ಮೆ ಆಚೆ.
ಅಷ್ಟಕ್ಕೇ ಇಡೀ ಮನೆಯ ಗಾಳಿ
ಎದ್ದು ಕೂತು ಮತ್ತೆ ಮಲಗಬೇಕು.

ಟಿವಿ ಕೋಣೆಗೂ ಉಳ್ಳಾಗಡ್ಡಿ ಕೋಣೆಗೂ ನಡುವಿನ ಗೋಡೆ ಒಡೆದೆ.
ಅಯ್ಯಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡೇ ಕೇಳಿದಳು:
"ಗಾಳಿನೂ ಕೊಡಂಗಿಲ್ಲ ಅಂತೀ,
ಸಪ್ಪಳನೂ ಕೇಳಂಗಿಲ್ಲ ಅಂತೀ.
ಮತ್ತ ಏನ್ ಕೊಡ್ತತಿ ಅದು?"
ನನಗೆ ಗೊತ್ತಿತ್ತು. ಹೇಳಲು ಬರಲಿಲ್ಲ.

ಮೊದಲ ದಿನ ಮೂರನೇ ರೆಕ್ಕೆ ಕಿತ್ತು ಹಾರಿ
ಜೋಳದ ಚೀಲಕ್ಕೆ ನಾಟಿತು.
ಆ ಚೀಲವನ್ನು ಅವಳು ಇವತ್ತಿಗೂ ಹೊಲಿದಿಲ್ಲ,
ಸಾಕ್ಷಿಗಿಟ್ಟಿದ್ದಾಳೆ.

ಐತವಾರ ರಾತ್ರಿ. ಚಾಪೆ ಹಾಸಿ ಕೂತೆವು.
ಗುಡ್ಡ ಸಿಡಿಯುವ ಸಿನಿಮಾ, ಯಾವ ಭಾಷೆಯದೋ.
ಗುಡ್ಡ ಸಿಡಿಯಿತು.
ಏನೂ ಕೇಳಲಿಲ್ಲ.
ಪರದೆ ಮಾತ್ರ ಒಂದು ಉಸಿರು ಒಳಗೆಳೆದುಕೊಂಡಿತು.
ಚಹಾದ ಕೆನೆ ಸುಕ್ಕಾಯಿತು.
ಹಿಂದಿನ ಕೋಣೆಯಲ್ಲಿ ಉಳ್ಳಾಗಡ್ಡಿ ಸಿಪ್ಪೆಗಳೆಲ್ಲ ಎದ್ದು
ಎಲ್ಲಿಗೂ ಹೋಗದೆ
ಇದ್ದಲ್ಲೇ ನಡುಗುತ್ತಿದ್ದವು.
"ಅಪ್ಪಾ, ಎದಿ ಮ್ಯಾಲ ಯಾರೋ ಕುಂತಂಗಾತು" ಅಂದ ಹುಡುಗ,
ಖುಷಿಯಿಂದಲೋ ಅಂಜಿಯೋ.

ಆಗ ಎದುರುಮನೆಯ ಆದೆಪ್ಪ ಬಾಗಿಲಿಗೆ ಬಂದ.
ಬನಿಯನ್ನು, ಕೈಯಲ್ಲಿ ಬ್ಯಾಟರಿ.
ಮೂವತ್ತೊಂದು ವರ್ಷ ಶಾಫ್ಟಿಗೆ ಇಳಿದವ,
ಡ್ರಿಲ್ಲು ಅವನ ಎರಡೂ ಕಿವಿ ತಿಂದು ಎಷ್ಟೋ ಕಾಲ.
ಮೊಮ್ಮಗ ಅತ್ತರೂ ಅವನಿಗೆ ಬಾಯಿ ನೋಡಿಯೇ ತಿಳಿಯಬೇಕು.
"ಇದು ಬ್ಲಾಸ್ಟಿಂಗ್ ಟೈಮಲ್ಲ.
ಯಾವ ಲೆವೆಲ್ಲಿನಾಗ ಹೊಡದ್ರು?"

ನಾನು ಗೋಡೆಯ ತೂತು ತೋರಿಸಿದೆ.
ಅವನು ಅದನ್ನೂ ನೋಡಲಿಲ್ಲ, ಟಿವಿಯನ್ನೂ ನೋಡಲಿಲ್ಲ.
ಕೂತ. ಅಂಗೈಯನ್ನು ಬಂಡೆಯ ಮೇಲೆ ಚಪ್ಪಟೆ ಇಟ್ಟ.
"ಇನ್ನೊಮ್ಮೆ ಹಚ್ಚು."

ಹಚ್ಚಿದೆ. ಗುಡ್ಡ ಇನ್ನೊಮ್ಮೆ ಸಿಡಿಯಿತು.
ಅವನ ತುಟಿ ಎಣಿಸುತ್ತಿತ್ತು.
ನೆಲದಡಿ ಎಷ್ಟು ತೂತಿಗೆ ಮದ್ದು ತುಂಬಿದರೋ
ಅಷ್ಟು ಏಟು ಮೇಲೆ ಕೂತವನು ಎಣಿಸಬೇಕಂತೆ,
ಒಂದು ಕಡಿಮೆ ಬಂದರೆ ಯಾರನ್ನೂ ಬಿಡಬಾರದಂತೆ.

"ಹನ್ನೊಂದು" ಅಂದ.
ಟಿವಿ ಆರಿಸಿದೆ. ಅವನು ಕೈ ತೆಗೆಯಲಿಲ್ಲ.
"ಒಂದು ಉಳಕೊಂಡತಿ.
ಅರ್ಧ ತಾಸು ಯಾರೂ ಒಳಗ ಹೋಗಬ್ಯಾಡ್ರಿ."

ನಗಬಹುದಿತ್ತು. ಸಿನಿಮಾ ಮುದುಕಾ, ಅನ್ನಬಹುದಿತ್ತು,
ಕಿವಿಗೆ ಕೂಗಿ, ಕೈ ಆಡಿಸಿ.
ಯಾರೂ ಅನ್ನಲಿಲ್ಲ.
ಹುಡುಗ ಎದ್ದು ಉಳ್ಳಾಗಡ್ಡಿ ಕೋಣೆಯ ಚಿಲಕ ಹಾಕಿ ಬಂದ.
ನಾವು ಐದು ಮಂದಿ ಗೋಡೆಗೆ ಮುಖ ಮಾಡಿ ಕೂತೆವು.
ಫ್ಯಾನು ತಿರುಗುತ್ತಲೇ ಇತ್ತು, ಬೀಸದೆ,
ಏನನ್ನೂ ತಳ್ಳದೆ.

ಒಂಬತ್ತಾಯಿತು. ಒಲೆ ಹಚ್ಚಿದ ವಾಸನೆ.
ಅಯ್ಯಮ್ಮ ಅಂದು ಪುಂಡಿಪಲ್ಯಕ್ಕೆ
ಬರೀ ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟಳು.